ಡೀಲ್ ಮೇಜಿಗೆ ಮರಳುವ ಮುನ್ನ

ಟಾಟಾ ಕಾಫಿ ಷೇರು ಇಟ್ಟುಕೊಂಡಿದ್ದವರ ಡಿಮ್ಯಾಟ್ ಖಾತೆಯಲ್ಲಿ 2024ರ ಜನವರಿಯಲ್ಲಿ ಒಂದು ಬದಲಾವಣೆ ಆಯಿತು. ಪ್ರತಿ ಹತ್ತು ಟಾಟಾ ಕಾಫಿ ಷೇರು ಹೋಗಿ, ಆ ಜಾಗಕ್ಕೆ ಮೂರು ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಷೇರು ಬಂದು ಕೂತವು. ಕೊಡಗಿನ ಪಾಲಿಬೆಟ್ಟದಲ್ಲಿ ಬೇರೂರಿದ್ದ ಕನ್ಸಾಲಿಡೇಟೆಡ್ ಕಾಫಿ ಟಾಟಾಗಳ ಕೈಸೇರಿ, 2000ದಲ್ಲಿ ಟಾಟಾ ಕಾಫಿ ಎಂದು ಹೆಸರು ಬದಲಿಸಿಕೊಂಡು, 2006ರಲ್ಲಿ 22 ಕೋಟಿ ಡಾಲರ್ ಕೊಟ್ಟು ಅಮೆರಿಕದ ಎಯ್ಟ್ ಓಕ್ಲಾಕ್ ಕಾಫಿಯನ್ನೇ ಕೊಂಡಿತ್ತು. ಕೊನೆಗೆ ಟಾಟಾ ಕಾಫಿಯೂ ಗುಂಪಿನ ದೊಡ್ಡ ಕಂಪನಿಯೊಳಗೆ ಸೇರಿಹೋಯಿತು. ಹತ್ತಕ್ಕೆ ಮೂರು ಎಂಬುದು ಒಂದೇ ಏಟಿಗೆ ಬಂದ ಲೆಕ್ಕವಲ್ಲ. ತೋಟದ ವ್ಯವಹಾರ ಬೇರ್ಪಡಿಸಿದ್ದಕ್ಕೆ 22 ಷೇರಿಗೆ 1, ಉಳಿದ ವ್ಯವಹಾರದ ವಿಲೀನಕ್ಕೆ 55 ಷೇರಿಗೆ 14. ಎರಡನ್ನೂ ಕೂಡಿಸಿ ನೋಡಿ, ಚೊಕ್ಕವಾಗಿ 0.3 ಬರುತ್ತದೆ.

ಇಂಥ ಅನುಪಾತ ಲೆಕ್ಕ ಹಾಕುವವರು ಮೌಲ್ಯಮಾಪಕರು. ಲಿಸ್ಟೆಡ್ ಕಂಪನಿಯಾದರೆ ಆ ಲೆಕ್ಕ ನ್ಯಾಯವಾಗಿದೆ ಎಂದು ಅಭಿಪ್ರಾಯ ಬರೆದುಕೊಡಬೇಕಾದವರು ಸೆಬಿಯಲ್ಲಿ ನೋಂದಾಯಿಸಿಕೊಂಡ ಮರ್ಚೆಂಟ್ ಬ್ಯಾಂಕರ್‌ಗಳು. ಕಂಪನಿ ಕೊಳ್ಳುವುದು, ಮಾರುವುದು, ಐಪಿಒ ತರುವುದು, ದೊಡ್ಡ ಮೊತ್ತದ ಬಂಡವಾಳ ಹೊಂದಿಸುವುದು ಇದೇ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್. ನಮ್ಮ ದೇಶದಲ್ಲಿ ಈ ಕಸುಬನ್ನು 1967ರಲ್ಲಿ ಗ್ರಿಂಡ್ಲೇಸ್ ಬ್ಯಾಂಕ್ ಶುರು ಮಾಡಿತು. 1972ರಲ್ಲಿ ಸ್ಟೇಟ್ ಬ್ಯಾಂಕ್, 1973ರಲ್ಲಿ ಐಸಿಐಸಿಐ ಇದಕ್ಕೆ ಕೈಹಾಕಿದವು.

ಕೊಡಗಿನ ಕೊಡ್ಲಿಪೇಟೆಯಲ್ಲಿ ‘ಮಗ ಬ್ಯಾಂಕಿಂಗ್‌ನಲ್ಲಿದ್ದಾನೆ’ ಎಂದರೆ ‘ಯಾವ ಬ್ರಾಂಚು?’ ಎಂಬ ಪ್ರಶ್ನೆ ಬರುವುದು ಖಚಿತ. ಬೆಳೆ ಸಾಲದ ವಿಚಾರ ಅದರ ಹಿಂದೆಯೇ. ಆದರೆ ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆ ಕಡೆಯ ತೋಟದ ಮನೆಗಳಿಂದ ಸಿಎ, ಎಂಬಿಎ ಓದಿ ಮುಂಬೈಗೆ ಹೋಗುವವರು ಈಗ ಅಪರೂಪವೇನಲ್ಲ. ಅವರ ದಾರಿ ಬಹುಪಾಲು ಒಂದೇ ತರಹದ್ದು. ಮೂರ್ನಾಲ್ಕು ವರ್ಷ ಡೀಲ್ ಮಾಡುತ್ತಾರೆ. ನಿದ್ದೆ ಕೆಡುತ್ತದೆ, ಮದುವೆ ಆಗುತ್ತದೆ, ಅಪ್ಪನಿಗೆ ವಯಸ್ಸಾಗುತ್ತದೆ. ಆಗ ಬೆಂಗಳೂರಿನ ಒಂದು ಕಂಪನಿಯ ಫೈನಾನ್ಸ್, ಸ್ಟ್ರಾಟಜಿ ಅಥವಾ ಟ್ರೆಷರಿ ವಿಭಾಗಕ್ಕೆ ಸೇರಿಕೊಳ್ಳುತ್ತಾರೆ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ, ಹಾಸನದ ಮೇಲೆ ಹೊರಟರೆ ಅರ್ಧ ದಿನದೊಳಗೆ ಊರು. ಐದಾರು ವರ್ಷ ಕಳೆದ ಮೇಲೆ ಒಳಗೊಂದು ಚಡಪಡಿಕೆ ಶುರುವಾಗುತ್ತದೆ: ಮತ್ತೆ ಹೋಗಲೇ?

ಹೋಗಬಹುದು. ಆದರೆ ಬಿಟ್ಟುಬಂದ ಕುರ್ಚಿಗೆ ಹೋಗಲು ಆಗುವುದಿಲ್ಲ, ಹೋಗಲೂಬಾರದು. ಈ ಬರಹದಲ್ಲಿ ನಾನು ಹೇಳಹೊರಟಿರುವುದು ಮುಖ್ಯವಾಗಿ ಇದನ್ನೇ.

ಹೋಗಿ ಬಂದವರು

ಮಂಗಳೂರಿನ ಕೆ.ವಿ. ಕಾಮತ್ ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್, ಅಹಮದಾಬಾದ್ ಐಐಎಂನಲ್ಲಿ ಎಂಬಿಎ ಮುಗಿಸಿ 1971ರಲ್ಲಿ ಐಸಿಐಸಿಐ ಸೇರಿದರು. 1988ರಲ್ಲಿ ಅದನ್ನು ಬಿಟ್ಟು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿಗೆ ಹೋದರು. ಆಗ್ನೇಯ ಏಷ್ಯಾದಲ್ಲಿ ವರ್ಷಗಟ್ಟಲೆ ಇದ್ದು 1996ರಲ್ಲಿ ಐಸಿಐಸಿಐಗೆ ಮರಳಿದ್ದು ಅದರ ಮುಖ್ಯಸ್ಥರಾಗಿ. ಅವರು ಹೋಗಿದ್ದು ಕಾರ್ಪೊರೇಟ್ ಕಂಪನಿಗಲ್ಲ, ಮರಳಿದ್ದೂ ಬರೀ ಮರ್ಚೆಂಟ್ ಬ್ಯಾಂಕಿಗಲ್ಲ ಎಂಬುದು ನಿಜ. ಆದರೂ ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಹೊರಗೆ ಕಳೆದ ವರ್ಷಗಳನ್ನು ಅವರ ಹಳೆಯ ಸಂಸ್ಥೆ ವ್ಯರ್ಥ ಎಂದು ಎಣಿಸಲಿಲ್ಲ. ಅವನ್ನೇ ಬಂಡವಾಳ ಎಂದು ನೋಡಿತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಉದಾಹರಣೆ ಅಮೆರಿಕದ ಆಂಥನಿ ನೋಟೊ. ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ಪಾಲುದಾರರಾಗಿದ್ದ ಅವರು 2008ರಲ್ಲಿ ಅಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ಗೆ ಹಣಕಾಸು ಮುಖ್ಯಸ್ಥರಾಗಿ ಹೋದರು. 2010ರಲ್ಲಿ ಗೋಲ್ಡ್‌ಮನ್‌ಗೆ ಮರಳಿದರು. ತಂತ್ರಜ್ಞಾನ, ಮಾಧ್ಯಮ, ಟೆಲಿಕಾಂ ಕಂಪನಿಗಳನ್ನು ನೋಡಿಕೊಳ್ಳುವ ತಂಡದ ಮುಂದಾಳುಗಳಲ್ಲಿ ಒಬ್ಬರಾದರು. 2013ರ ಟ್ವಿಟರ್ ಐಪಿಒ ಕೆಲಸ ಮಾಡಿ, ಮರುವರ್ಷ ಟ್ವಿಟರ್‌ಗೇ ಹಣಕಾಸು ಮುಖ್ಯಸ್ಥರಾಗಿ ಹೋದರು. ಹೋಗುವ ಬಾಗಿಲು, ಬರುವ ಬಾಗಿಲು ಎರಡೂ ತೆರೆದೇ ಇದ್ದವು. ತೆರೆದಿಟ್ಟಿದ್ದು ಒಂದು ಉದ್ಯಮದ ಆಳವಾದ ತಿಳಿವಳಿಕೆ.

ನಮ್ಮ ಪಕ್ಕದ ಮೂಡಿಗೆರೆ ಸೀಮೆಯ ವಿ.ಜಿ. ಸಿದ್ಧಾರ್ಥ ಇದೇ ದಾರಿಯಲ್ಲಿ ಎದುರುದಿಕ್ಕಿಗೆ ನಡೆದವರು. ಎಂಬತ್ತರ ದಶಕದ ಮೊದಲ ಭಾಗದಲ್ಲಿ ಮುಂಬೈನ ಜೆಎಂ ಫೈನಾನ್ಷಿಯಲ್‌ನಲ್ಲಿ ಕೆಲಸ ಕಲಿತು, ಬೆಂಗಳೂರಿಗೆ ಬಂದು ಶಿವನ್ ಸೆಕ್ಯುರಿಟೀಸ್ ಕೊಂಡು, ಆಮೇಲೆ ಕಾಫಿ ಉದ್ಯಮ ಕಟ್ಟಿದರು. 2015ರಲ್ಲಿ ಕಾಫಿ ಡೇ 1,150 ಕೋಟಿ ರೂಪಾಯಿಯ ಐಪಿಒ ತಂದಾಗ ಅವರು ಮೇಜಿನ ಆಚೆ ಬದಿಯಲ್ಲಿದ್ದರು. ಆದರೆ ಈಚೆ ಬದಿಯವರ ಭಾಷೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಕಾರಣ ಸರಿಯೇ ನೋಡಿ

‘ಬೋರಾಗಿದೆ’ ಎಂಬುದು ಕಾರಣವಲ್ಲ. ಹಳೆಯ ಸಹಪಾಠಿಯ ಬೋನಸ್ ಕಿವಿಗೆ ಬಿದ್ದದ್ದಂತೂ ಅಲ್ಲವೇ ಅಲ್ಲ. ಅದು ಅವನ ಒಳ್ಳೆಯ ವರ್ಷದ ಬೋನಸ್. ಕೆಟ್ಟ ವರ್ಷದ್ದನ್ನು ಯಾರೂ ಫೋನ್ ಮಾಡಿ ಹೇಳುವುದಿಲ್ಲ.

ಈ ಕಸುಬು ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟಿಬಿದ್ದದ್ದು. 2021ರಲ್ಲಿ ಎಲ್ಲೆಲ್ಲೂ ಐಪಿಒ. ಆ ನವೆಂಬರ್‌ನಲ್ಲಿ 18,300 ಕೋಟಿ ರೂಪಾಯಿಯ ಐಪಿಒ ತಂದ ಪೇಟಿಎಂನ ಷೇರು ಮೊದಲ ದಿನವೇ ಶೇ 27ರಷ್ಟು ಕುಸಿಯಿತು. ನಂತರದ ಎರಡು ವರ್ಷ ಹೊಸ ತಂತ್ರಜ್ಞಾನ ಕಂಪನಿಗಳ ಡೀಲ್‌ಗಳು ತಣ್ಣಗಾದವು. 2023ರ ಜನವರಿಯಲ್ಲಿ ಗೋಲ್ಡ್‌ಮನ್ ಒಂದೇ ಸಲಕ್ಕೆ ಸುಮಾರು 3,200 ಜನರನ್ನು ಮನೆಗೆ ಕಳುಹಿಸಿತು. 2024ರಲ್ಲಿ ಮತ್ತೆ ಸುಗ್ಗಿ: ಹುಂಡೈ ಮೋಟಾರ್ 27,870 ಕೋಟಿ, ಬೆಂಗಳೂರಿನ ಸ್ವಿಗ್ಗಿ 11,327 ಕೋಟಿ, ಓಲಾ ಎಲೆಕ್ಟ್ರಿಕ್ 6,145 ಕೋಟಿ. ಸುಗ್ಗಿಯಲ್ಲಿ ಸೇರಿಕೊಂಡವರೇ ಬರ ಬಂದಾಗ ಮೊದಲು ಹೊರಬೀಳುವವರು. ಕಾಫಿ ಬೆಲೆ ನೆತ್ತಿಗೇರಿದಾಗ ತೋಟ ಕೊಂಡವರ ಕಥೆ ಗೊತ್ತಿರುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸದ ಗಂಟೆಯ ವಿಷಯದಲ್ಲೂ ಭ್ರಮೆ ಬೇಡ. ನಾರಾಯಣ ಮೂರ್ತಿಯವರು 2023ರಲ್ಲಿ ವಾರಕ್ಕೆ 70 ಗಂಟೆ ದುಡಿಯಿರಿ ಎಂದಾಗ ದೇಶವೇ ಚರ್ಚೆಗೆ ಬಿತ್ತು. ಈ ಕಸುಬಿನ ಕಿರಿಯರು ಅದನ್ನು ಕೇಳಿ ‘ಅಷ್ಟೇನಾ?’ ಎಂದುಕೊಂಡಿರಬೇಕು. 2021ರಲ್ಲಿ ಬಯಲಾದ ಗೋಲ್ಡ್‌ಮನ್‌ನ 13 ಹೊಸ ನೌಕರರ ಸಮೀಕ್ಷೆಯಲ್ಲಿ ಸರಾಸರಿ ವಾರಕ್ಕೆ 95 ಗಂಟೆ ದುಡಿತ ಕಂಡಿತ್ತು. 2024ರಲ್ಲಿ ಜೆಪಿ ಮಾರ್ಗನ್ ಕಿರಿಯರಿಗೆ 80 ಗಂಟೆಯ ಮಿತಿ ಹಾಕಿತು. ಅದು ಮಿತಿ ಎಂಬುದನ್ನು ಮರೆಯಬೇಡಿ.

ಸರಿಯಾದ ಕಾರಣ ನನ್ನ ದೃಷ್ಟಿಯಲ್ಲಿ ಒಂದೇ. ಕಂಪನಿಯೊಳಗಿದ್ದು ನೀವು ಕಲಿತದ್ದು ಹೊರಗಿನ ಬ್ಯಾಂಕರ್‌ಗೆ ಗೊತ್ತಿಲ್ಲ, ಅದಕ್ಕೆ ಅಲ್ಲಿ ಬೆಲೆ ಇದೆ ಎಂಬುದು.

ಯಾವ ಬಾಗಿಲು?

ಇಲ್ಲೇ ಹೆಚ್ಚು ಜನ ಎಡವುವುದು. ‘ರಿಟರ್ನ್‌ಶಿಪ್’ ಎಂಬ ಹೆಸರು ಕೇಳಿ ಅರ್ಜಿ ಹಾಕುತ್ತಾರೆ. ಗೋಲ್ಡ್‌ಮನ್ 2008ರಲ್ಲಿ ಶುರುಮಾಡಿದ ಈ ವ್ಯವಸ್ಥೆ, ಜೆಪಿ ಮಾರ್ಗನ್‌ನ ‘ರೀಎಂಟ್ರಿ’, ಇವೆಲ್ಲ ಕೆಲಸವನ್ನೇ ಬಿಟ್ಟು ಮನೆಯಲ್ಲಿದ್ದವರಿಗಾಗಿ ಇರುವಂಥವು. ಹೆರಿಗೆ, ಮಕ್ಕಳು, ಹಿರಿಯರ ಆರೈಕೆ ಎಂದು ಒಂದೆರಡು ವರ್ಷಕ್ಕಿಂತ ಹೆಚ್ಚು ಕಾಲ ಉದ್ಯೋಗದಿಂದ ದೂರ ಉಳಿದವರು, ಅದರಲ್ಲೂ ಹೆಣ್ಣುಮಕ್ಕಳು, ಇದನ್ನು ಖಂಡಿತ ಬಳಸಿಕೊಳ್ಳಬೇಕು. ಕೆಲವು ವಾರಗಳ ಸಂಬಳಸಹಿತ ಅವಧಿ, ಒಬ್ಬ ಮಾರ್ಗದರ್ಶಿ, ಕೊನೆಗೆ ಕಾಯಂ ಆಗುವ ಅವಕಾಶ ಇರುತ್ತದೆ. ಆದರೆ ಕಂಪನಿಯೊಂದರಲ್ಲಿ ಫೈನಾನ್ಸ್ ಮ್ಯಾನೇಜರ್ ಆಗಿ ಇವತ್ತೂ ಸಂಬಳ ಎಣಿಸುತ್ತಿರುವವರಿಗೆ ಆ ಬಾಗಿಲು ಇಲ್ಲ. ನಿಮ್ಮದು ‘ಲ್ಯಾಟರಲ್’ ನೇಮಕ. ಅಲ್ಲಿ ರಿಯಾಯಿತಿ ಇಲ್ಲ. ಇವತ್ತೂ ಡೀಲ್ ಮಾಡುತ್ತಿರುವವರ ಜೊತೆಗೇ ಪೈಪೋಟಿ.

ಎರಡನೆಯದು ಬೆಂಗಳೂರಿನ ಗೊಂದಲ. ಗೋಲ್ಡ್‌ಮನ್ 2004ರಲ್ಲೇ ಇಲ್ಲಿಗೆ ಬಂದಿದೆ. ದೊಡ್ಡ ಜಾಗತಿಕ ಬ್ಯಾಂಕುಗಳ ಹೆಸರು ಹೊತ್ತ ಗಾಜಿನ ಕಟ್ಟಡಗಳು ಹೊರವರ್ತುಲ ರಸ್ತೆಯುದ್ದಕ್ಕೂ ಕಾಣಸಿಗುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ಹುದ್ದೆಗಳು ತಂತ್ರಜ್ಞಾನ, ರಿಸ್ಕ್, ಲೆಕ್ಕಪತ್ರ, ವಿಶ್ಲೇಷಣೆಯ ಬೆಂಬಲದ ಕೆಲಸಗಳು. ಒಳ್ಳೆಯ ಕೆಲಸಗಳೇ, ಸಂಬಳವೂ ಇದೆ. ಆದರೆ ಗ್ರಾಹಕನ ಎದುರು ಕೂತು ಡೀಲ್ ಮಾಡುವುದು ಬೇರೆ. ಅದರ ಮುಖ್ಯ ಊರು ಈಗಲೂ ಮುಂಬೈ. ಇಂಟರ್‌ವ್ಯೂನಲ್ಲಿ ಸಂಕೋಚವಿಲ್ಲದೆ ಕೇಳಿ: ‘ಈ ತಂಡ ಕಳೆದ ವರ್ಷ ಯಾವ ಡೀಲ್ ಮುಗಿಸಿತು? ಅದರಲ್ಲಿ ಈ ಹುದ್ದೆಯವರು ಗ್ರಾಹಕರ ಜೊತೆ ನೇರ ಮಾತಾಡಿದರೇ?’ ಉತ್ತರ ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿತು.

ಹಾಗೆಂದು ಬೆಂಗಳೂರಿನಲ್ಲಿ ಡೀಲ್ ಮನೆಗಳೇ ಇಲ್ಲವೆಂದಲ್ಲ. ಇಲ್ಲಿನ ಹೊಸ ಕಂಪನಿಗಳ ಬೆನ್ನು ಹತ್ತಿ ಅವೆಂಡಸ್‌ನಂಥ ಸಂಸ್ಥೆಗಳು ಇಲ್ಲೂ ತಂಡ ಇಟ್ಟುಕೊಂಡಿವೆ. ಒಂದೇ ಉದ್ಯಮವನ್ನು ನೆಚ್ಚಿಕೊಂಡ ಚಿಕ್ಕ ಬೂಟೀಕ್ ಸಂಸ್ಥೆಗಳೂ ಉಂಟು. ಕಾರ್ಪೊರೇಟ್‌ನಿಂದ ಮರಳುವವರಿಗೆ ನನ್ನ ಮೊದಲ ಸಲಹೆ ಇವೇ. ದೊಡ್ಡ ಬ್ಯಾಂಕು ನಿಮ್ಮನ್ನು ವರ್ಷದ ಲೆಕ್ಕದಲ್ಲಿ ಅಳೆಯುತ್ತದೆ: ಬಿಟ್ಟು ಆರು ವರ್ಷ ಆಯಿತು, ಅಸೋಸಿಯೇಟ್ ಆಗಿದ್ದಿರಿ, ಈಗ ವೈಸ್ ಪ್ರೆಸಿಡೆಂಟ್ ಕೊಡಲೇ ಬೇಡವೇ ಎಂಬ ಜಗ್ಗಾಟ. ಬೂಟೀಕ್ ಕೇಳುವುದು ಬೇರೆ ಪ್ರಶ್ನೆ: ನೀನು ಆಸ್ಪತ್ರೆ ಸರಣಿಯೊಂದರಲ್ಲಿ ಆರು ವರ್ಷ ಇದ್ದೆಯಲ್ಲ, ಹಾಸಿಗೆಯೊಂದಕ್ಕೆ ದಿನಕ್ಕೆ ಎಷ್ಟು ಆದಾಯ ಬರಬೇಕು ಎಂದು ಗೊತ್ತೇ? ಗೊತ್ತಿದ್ದರೆ ಬಾ.

ಇನ್ನೊಂದು ಪಕ್ಕದ ಬಾಗಿಲು ಡೆಲಾಯ್ಟ್, ಇವೈ, ಕೆಪಿಎಂಜಿ, ಪಿಡಬ್ಲ್ಯುಸಿ ಸಂಸ್ಥೆಗಳ ಡೀಲ್ ಸಲಹಾ ವಿಭಾಗ. ಅಲ್ಲಿ ಎರಡು ವರ್ಷ ಡ್ಯೂ ಡಿಲಿಜೆನ್ಸ್, ಮೌಲ್ಯಮಾಪನ ಮಾಡಿ ಕೈ ಪಳಗಿಸಿಕೊಂಡು ಬ್ಯಾಂಕಿಗೆ ದಾಟುವವರು ಸಾಕಷ್ಟಿದ್ದಾರೆ. ಸುತ್ತು ದಾರಿ, ಆದರೆ ಗಟ್ಟಿ ದಾರಿ.

ನೀವು ಇಲ್ಲದಾಗ ಏನೇನು ಬದಲಾಯಿತು

ಇದಕ್ಕೆ ಹೆಚ್ಚು ಸಮಯ ಕೊಡಿ. 2016ರಲ್ಲೋ 2017ರಲ್ಲೋ ಬಿಟ್ಟವರ ತಲೆಯಲ್ಲಿರುವ ನಿಯಮಗಳಲ್ಲಿ ಅರ್ಧದಷ್ಟು ಈಗ ಹಳತು. ಐಪಿಒ ನಿಯಮಾವಳಿ 2009ರದ್ದು ಹೋಗಿ 2018ರ ಐಸಿಡಿಆರ್ ಬಂದಿದೆ. ವಿತರಣೆ ಮುಗಿದು ಷೇರು ಲಿಸ್ಟ್ ಆಗಲು ಮೊದಲು ಆರು ಕೆಲಸದ ದಿನ ಬೇಕಿತ್ತು. 2023ರ ಡಿಸೆಂಬರ್ 1ರಿಂದ ಎಲ್ಲ ವಿತರಣೆಗಳಿಗೂ ಮೂರೇ ದಿನ. ಕಂಪನಿ ತನ್ನ ದಾಖಲೆಯನ್ನು ಮೊದಲು ಗೋಪ್ಯವಾಗಿ ಸೆಬಿಗೆ ಕೊಡುವ ದಾರಿ 2022ರಲ್ಲಿ ತೆರೆಯಿತು. ಅದೇ ವರ್ಷದಿಂದ ಕಂಪನಿ ತನ್ನ ವ್ಯವಹಾರದ ಮುಖ್ಯ ಅಳತೆಗಳನ್ನು, ಹೂಡಿಕೆದಾರರಿಗೆ ಹಿಂದೆ ತೋರಿಸಿದ್ದನ್ನೂ ಸೇರಿಸಿ, ಕರಡು ಪತ್ರದಲ್ಲಿ ಬಿಚ್ಚಿಡಬೇಕು. ಸಣ್ಣ ಕಂಪನಿಗಳ ಎಸ್‌ಎಂಇ ಐಪಿಒ ನಿಯಮ 2025ರಲ್ಲಿ ಬಿಗಿಯಾಯಿತು: ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷವಾದರೂ ಕನಿಷ್ಠ 1 ಕೋಟಿ ರೂಪಾಯಿ ಕಾರ್ಯಾಚರಣೆ ಲಾಭ ಇರಬೇಕು. 2016ರ ದಿವಾಳಿ ಸಂಹಿತೆ ಬಂದ ಮೇಲೆ ಸಾಲ ತೀರಿಸಲಾಗದ ಕಂಪನಿಗಳನ್ನು ಕೊಳ್ಳುವುದೇ ಒಂದು ಪ್ರತ್ಯೇಕ ಕಸುಬಾಗಿದೆ.

ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ಲೆಕ್ಕಪತ್ರದ ಒಂದು ಬದಲಾವಣೆ. 2019ರ ಏಪ್ರಿಲ್ 1ರಿಂದ ಇಂಡ್ ಎಎಸ್ 116 ಜಾರಿಗೆ ಬಂತು. ಬಾಡಿಗೆ ಈಗ ಮಾಮೂಲಿ ಖರ್ಚಾಗಿ ಉಳಿದಿಲ್ಲ. ಅದು ಸವಕಳಿಯೂ ಬಡ್ಡಿಯೂ ಆಗಿ ಕೆಳಗೆ ಇಳಿದಿದೆ. ಒಂದು ಕೆಫೆ ಸರಣಿ ಇದೆ ಎಂದುಕೊಳ್ಳಿ. ಆದಾಯ 100 ಕೋಟಿ, ಅಂಗಡಿ ಬಾಡಿಗೆ 15 ಕೋಟಿ, ಉಳಿದ ಖರ್ಚು 75 ಕೋಟಿ. ಹಳೆಯ ಲೆಕ್ಕದಲ್ಲಿ ಎಬಿಟ್ಡಾ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ, 10 ಕೋಟಿ. ಹೊಸ ಲೆಕ್ಕದಲ್ಲಿ ಬಾಡಿಗೆ ಆಚೆ ಹೋಗುವುದರಿಂದ 25 ಕೋಟಿ. ಒಂದು ಕಪ್ ಕಾಫಿಯೂ ಹೆಚ್ಚು ಮಾರಿಲ್ಲ! ನಿಮ್ಮ ಹಳೆಯ ಮಾಡೆಲ್‌ನಲ್ಲಿ ಇಂಥ ಕಂಪನಿಗೆ ಎಬಿಟ್ಡಾದ 10 ಪಟ್ಟು ಬೆಲೆ ಎಂದಿತ್ತು. ಅಂದರೆ 100 ಕೋಟಿ. ಅದೇ 10 ಪಟ್ಟನ್ನು ಕಣ್ಣುಮುಚ್ಚಿ ಹೊಸ ಅಂಕಿಗೆ ಹಾಕಿದರೆ 250 ಕೋಟಿ. ಬಾಡಿಗೆ ಹೊಣೆಯನ್ನು, ಅದು 60 ಕೋಟಿ ಎನ್ನೋಣ, ಸಾಲವೆಂದು ಕಳೆದರೂ ಷೇರುದಾರರ ಪಾಲು 190 ಕೋಟಿ. 100 ಕೋಟಿಯ ಜಾಗದಲ್ಲಿ 190! ಸರಿಯಾದ ರೀತಿ ಎಂದರೆ ಹೋಲಿಕೆಯ ಕಂಪನಿಗಳನ್ನೂ ನಿಮ್ಮ ಕಂಪನಿಯನ್ನೂ ಒಂದೇ ಲೆಕ್ಕದಲ್ಲಿ ಇಡುವುದು. ಒಂದೋ ಎರಡಕ್ಕೂ ಬಾಡಿಗೆ ಕಳೆಯಿರಿ, ಇಲ್ಲವೇ ಎರಡಕ್ಕೂ ಹೊಸ ಎಬಿಟ್ಡಾ, ಬಾಡಿಗೆ ಹೊಣೆ ಸೇರಿಸಿದ ಸಾಲ, ಅದಕ್ಕೆ ತಕ್ಕ ಪಟ್ಟು ಬಳಸಿ. ಇಂಟರ್‌ವ್ಯೂನಲ್ಲಿ ರಿಟೇಲ್, ಆಸ್ಪತ್ರೆ, ವಿಮಾನ, ಸಿನಿಮಾ ಮಂದಿರದ ಕಂಪನಿ ಕೊಟ್ಟು ಮಾಡೆಲ್ ಕಟ್ಟಲು ಹೇಳಿದರೆ ಪರೀಕ್ಷಕನ ಕಣ್ಣು ಮೊದಲು ಇಲ್ಲೇ ಇರುತ್ತದೆ.

ಆ ಮಾಡೆಲ್ ಪರೀಕ್ಷೆಗೆ ಹೆದರಿ ಅರ್ಧ ಜನ ಅರ್ಜಿಯನ್ನೇ ಹಾಕುವುದಿಲ್ಲ. ಕೆಲವು ಗಂಟೆ, ಒಂದು ವಾರ್ಷಿಕ ವರದಿ, ಖಾಲಿ ಎಕ್ಸೆಲ್ ಹಾಳೆ. ಕಂಪನಿಯಲ್ಲಿ ನಿಮ್ಮ ಕೈಕೆಳಗಿನವರು ಎಕ್ಸೆಲ್ ಮಾಡಿ ತಂದುಕೊಡುತ್ತಿದ್ದರು. ನೀವು ನೋಡಿ ತಿದ್ದುತ್ತಿದ್ದಿರಿ. ಬೆರಳಿನ ಅಭ್ಯಾಸ ಹೋಗಿರುತ್ತದೆ. ಅಭ್ಯಾಸಕ್ಕೆ ಕನ್ನಡಿಗರಿಗೆ ಹತ್ತಿರದ ಒಳ್ಳೆಯ ಸಾಮಗ್ರಿ ಇದೆ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಮೂರು ಬ್ಯಾಂಕುಗಳ ವಿಲೀನ: 2019ರಲ್ಲಿ ವಿಜಯಾ ಬ್ಯಾಂಕಿನ 1,000 ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402, 2020ರಲ್ಲಿ ಸಿಂಡಿಕೇಟ್‌ನ 1,000ಕ್ಕೆ ಕೆನರಾದ 158, ಕಾರ್ಪೊರೇಷನ್‌ನ 1,000ಕ್ಕೆ ಯೂನಿಯನ್ ಬ್ಯಾಂಕಿನ 330. ಘೋಷಣೆಗೆ ಮುಂಚಿನ ವಾರ್ಷಿಕ ವರದಿ, ಷೇರುಬೆಲೆ, ಪುಸ್ತಕ ಮೌಲ್ಯ ಇಟ್ಟುಕೊಂಡು ಈ ಅನುಪಾತ ನಿಮಗೆ ಬರುತ್ತದೋ ಎಂದು ಕೂತು ಲೆಕ್ಕ ಹಾಕಿ. ಬರದಿದ್ದರೆ ಯಾಕೆ ಬರಲಿಲ್ಲ ಎಂದು ಒಂದು ಪುಟ ಬರೆಯಿರಿ. ಆ ಒಂದು ಪುಟ ಹತ್ತು ಆನ್‌ಲೈನ್ ಕೋರ್ಸಿಗಿಂತ ಮೇಲು. ಕೋರ್ಸೇ ಬೇಕೆಂದರೆ ಎನ್‌ಐಎಸ್‌ಎಂ ಸಂಸ್ಥೆಯ ಒಂಬತ್ತನೇ ಸರಣಿಯ ಮರ್ಚೆಂಟ್ ಬ್ಯಾಂಕಿಂಗ್ ಪರೀಕ್ಷೆ ಬರೆಯಿರಿ. ಅದೊಂದರಿಂದಲೇ ಕೆಲಸ ಸಿಗುವುದಿಲ್ಲ, ಆದರೆ ಹೊಸ ನಿಯಮಗಳನ್ನು ಒಂದು ಸಲ ಪೂರ್ತಿ ಓದುವಂತೆ ಮಾಡುತ್ತದೆ.

ಬಯೋಡೇಟಾ, ಫೋನು, ಮಾತು

ಕಾರ್ಪೊರೇಟ್‌ನವರ ಬಯೋಡೇಟಾ ಜವಾಬ್ದಾರಿಗಳ ಪಟ್ಟಿ; ಬ್ಯಾಂಕರ್ ಹುಡುಕುವುದು ಡೀಲ್‌ಗಳ ಪಟ್ಟಿ. ‘ನಿಧಿ ನಿರ್ವಹಣೆಯ ಹೊಣೆ’ ಎಂದು ಬರೆದರೆ ಯಾರೂ ಓದುವುದಿಲ್ಲ. ಎಷ್ಟು ಕೋಟಿ ಸಾಲವನ್ನು ಎಷ್ಟು ಬ್ಯಾಂಕುಗಳಿಂದ ಮರುಹೊಂದಿಸಿದಿರಿ, ಬಡ್ಡಿ ಎಷ್ಟು ಇಳಿಯಿತು, ಟರ್ಮ್ ಶೀಟ್‌ನ ಯಾವ ಷರತ್ತಿಗೆ ನೀವು ಹೋರಾಡಿದಿರಿ, ಅದನ್ನು ಬರೆಯಿರಿ. ಕಂಪನಿ ಒಂದು ಘಟಕ ಮಾರಿತ್ತೇ? ಡೇಟಾ ರೂಮ್ ಕಟ್ಟಿದವರು ನೀವೇ? ಖರೀದಿಗೆ ಹೋಗಿ ಕೊನೆಗೆ ಬೇಡವೆಂದು ಹಿಂದೆ ಸರಿದದ್ದೂ ಡೀಲ್ ಅನುಭವವೇ. ಯಾಕೆ ಸರಿದಿರಿ ಎಂಬುದು ಇನ್ನೂ ಒಳ್ಳೆಯ ಕಥೆ. ಹೊರಗೆ ಪ್ರಕಟವಾಗದ ಡೀಲ್‌ನ ಹೆಸರು ಮಾತ್ರ ಬರೆಯಬೇಡಿ. ಹಳೆಯ ಕಂಪನಿಯ ಮಾಡೆಲ್ ಫೈಲ್ ಒಂದನ್ನೂ ಹೊತ್ತು ತರಬೇಡಿ.

ಫೋನ್ ಯಾರಿಗೆ ಮಾಡಬೇಕು? ಹಳೆಯ ಬಾಸ್‌ಗೆ ಮಾಡಿ, ಸರಿ. ಆದರೆ ಇಷ್ಟು ವರ್ಷ ನಿಮ್ಮ ಕಂಪನಿಯ ಬಾಗಿಲಿಗೆ ಪಿಚ್ ಬುಕ್ ಹಿಡಿದು ಬಂದ ಬ್ಯಾಂಕರ್‌ಗಳಿದ್ದಾರಲ್ಲ, ಅವರೇ ನಿಮ್ಮ ನಿಜವಾದ ದಾರಿ. ಅವರ ಯಾವ ಪಿಚ್ ನಿಮ್ಮ ನಿರ್ದೇಶಕ ಮಂಡಳಿಯಲ್ಲಿ ನಿಂತಿತು, ಯಾವುದು ಎರಡನೇ ಪುಟದಲ್ಲೇ ಬಿತ್ತು, ಯಾಕೆ ಬಿತ್ತು ಎಂಬುದು ನಿಮಗೆ ಗೊತ್ತು. ಈ ತಿಳಿವಳಿಕೆ ಬೇರೆ ಯಾವ ಅಭ್ಯರ್ಥಿಗೂ ಇಲ್ಲ. ವಕೀಲರು, ಆಡಿಟರ್‌ಗಳು, ಸಾಲ ಕೊಟ್ಟ ಬ್ಯಾಂಕಿನ ಅಧಿಕಾರಿಗಳು ಎಲ್ಲರೂ ಯಾವ ತಂಡದಲ್ಲಿ ಜಾಗ ಖಾಲಿ ಆಗುತ್ತಿದೆ ಎಂದು ಮೊದಲೇ ತಿಳಿದವರು.

‘ಬಿಟ್ಟಿದ್ದು ಯಾಕೆ, ಬರುವುದು ಯಾಕೆ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೊದಲರ್ಧಕ್ಕೆ ನಿಜ ಹೇಳಿ, ಎರಡೇ ವಾಕ್ಯದಲ್ಲಿ. ಎರಡನೆಯರ್ಧಕ್ಕೆ ಮುಂದಿನ ಎರಡು ವರ್ಷದಲ್ಲಿ ನಿಮ್ಮ ಉದ್ಯಮದಲ್ಲಿ ಆಗಬಹುದಾದ ಮೂರು ಡೀಲ್‌ಗಳನ್ನು, ಬಹಿರಂಗ ಮಾಹಿತಿಯಿಂದಲೇ, ಕಾರಣ ಸಮೇತ ಮುಂದಿಡಿ. ‘ಸಾರ್, ನನಗೆ ಡೀಲ್ ಇಷ್ಟ’ ಎಂಬ ಮಾತಿಗಿಂತ ಅದು ಎಷ್ಟೋ ಪಾಲು ಭಾರ.

ದುಡ್ಡು, ಮನೆ, ತೋಟ

ಮರಳಿದಾಗ ನಿಗದಿತ ಸಂಬಳ ಇಳಿಯಬಹುದು, ಹುದ್ದೆ ಒಂದು ಮೆಟ್ಟಿಲು ಕೆಳಗೆ ಸಿಗಬಹುದು. ವೈಸ್ ಪ್ರೆಸಿಡೆಂಟ್ ಆಗಿ ಬಂದರೂ ನಿಮಗಿಂತ ಐದು ವರ್ಷ ಚಿಕ್ಕವನು ನಿಮ್ಮ ಮೇಲಿರಬಹುದು. ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಇಲ್ಲಿ ಸಂಪಾದನೆಯ ದೊಡ್ಡ ಪಾಲು ಬೋನಸ್. ಅದು ಬಾರದ ವರ್ಷವೂ ಉಂಟು. ಆದ್ದರಿಂದ ಗೃಹಸಾಲದ ಕಂತು, ಮಕ್ಕಳ ಶುಲ್ಕ ಎಲ್ಲ ನಿಗದಿತ ಸಂಬಳದಲ್ಲೇ ನಡೆಯಬೇಕು. ಒಂದು ವರ್ಷದ ಖರ್ಚು ಪಕ್ಕಕ್ಕಿರಲಿ.

ಬಿಡುವ ದಿನಾಂಕದಲ್ಲೂ ಲೆಕ್ಕ ಇದೆ. ಕಾಯಂ ನೌಕರರಿಗೆ ಗ್ರ್ಯಾಚುಟಿ ಸಿಗಲು ಐದು ವರ್ಷದ ನಿರಂತರ ಸೇವೆ ಬೇಕು. ಕೆಲವೇ ತಿಂಗಳು ಬಾಕಿ ಇದ್ದರೆ ಕಾಯಿರಿ. ಪಿಎಫ್ ಹಣ ತೆಗೆಯಬೇಡಿ, ಅದೇ ಯುಎಎನ್‌ನಲ್ಲಿ ವರ್ಗಾಯಿಸಿ. ಎಸಾಪ್ ಇದ್ದರೆ ಕೆಲಸ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಬಳಸಿಕೊಳ್ಳಬೇಕು ಎಂದು ಪತ್ರದಲ್ಲಿ ಹುಡುಕಿ. ಬಳಸಿಕೊಂಡ ದಿನವೇ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ, ಷೇರು ಮಾರದಿದ್ದರೂ. ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ ಅಮ್ಮ ಇದ್ದರೆ ನಿಮ್ಮ ಕೊನೆಯ ದಿನಕ್ಕೆ ಅವರ ರಕ್ಷಣೆಯೂ ಮುಗಿಯುತ್ತದೆ. ಅದಕ್ಕೆ ಮುಂಚೆಯೇ ಸ್ವಂತ ಪಾಲಿಸಿ ಮಾಡಿಸಿ.

ತೋಟದ ಮನೆಯವರಿಗೆ ಒಂದೆರಡು ಮಾತು ಹೆಚ್ಚು. 2024ರ ಸೆಪ್ಟೆಂಬರ್‌ನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತ್ತು. 2025ರ ಫೆಬ್ರುವರಿಯಲ್ಲಿ ಅರೇಬಿಕಾ ನ್ಯೂಯಾರ್ಕ್‌ನಲ್ಲಿ ಪೌಂಡಿಗೆ 4 ಡಾಲರ್ ಮೀರಿತು. ಆ ಹಣ ಇದೆ ಎಂಬ ಧೈರ್ಯದಲ್ಲಿ ಬೋನಸ್ ನಂಬಿ ಕೆಲಸ ಬದಲಿಸುವುದೆಂದರೆ ಏರಿಳಿತದ ಮೇಲೆ ಇನ್ನೊಂದು ಏರಿಳಿತ ಹೇರಿಕೊಂಡಂತೆ. ಎರಡೂ ಒಟ್ಟಿಗೆ ಇಳಿಯಬಹುದು.

ಕೊಯ್ಲಿನ ರಜೆಯನ್ನೂ ಮರೆತುಬಿಡಿ. ಐಪಿಒ ಕರಡು ಪತ್ರದಲ್ಲಿನ ಲೆಕ್ಕ ಸಲ್ಲಿಸುವ ದಿನಕ್ಕೆ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಜೂನ್ ಅಂತ್ಯದ ಲೆಕ್ಕ ಹಿಡಿದವರಿಗೆ ಡಿಸೆಂಬರ್ ಕೊನೆ ಗಡುವು, ಸೆಪ್ಟೆಂಬರ್ ಲೆಕ್ಕದವರಿಗೆ ಮಾರ್ಚ್ ಕೊನೆ. ನಮ್ಮಲ್ಲಿ ಅರೇಬಿಕಾ ಮುಗಿಯುತ್ತಾ ರೊಬಸ್ಟಾ ಕೊಯ್ಲು ಶುರುವಾಗುವ ಡಿಸೆಂಬರ್ ಕೊನೆಯ ವಾರ, ಮಳೆ ಬಾರದಿದ್ದರೆ ಹೂವಿಗೆ ಸ್ಪ್ರಿಂಕ್ಲರ್ ಇಡಬೇಕಾದ ಮಾರ್ಚ್, ಎರಡೂ ಹೊತ್ತಿನಲ್ಲಿ ನೀವು ಮುಂಬೈನ ಪ್ರಿಂಟರ್ ಕಚೇರಿಯಲ್ಲಿ ವಕೀಲರ ಜೊತೆ ಕರಡು ತಿದ್ದುತ್ತಿರುತ್ತೀರಿ. ಕೊಡಗಿಗೆ ರೈಲೂ ಇಲ್ಲ. ಶುಕ್ರವಾರ ಸಂಜೆ ಹೊರಟು ಸೋಮವಾರ ಬೆಳಗ್ಗೆ ವಾಪಸಾಗುವ ಬೆಂಗಳೂರಿನ ಸುಖ ಅಲ್ಲಿಗೆ ಮುಗಿಯಿತು. ತೋಟ ನೋಡಿಕೊಳ್ಳುವವರು ಯಾರು ಎಂಬುದು ತೀರ್ಮಾನವಾಗದೆ ಅರ್ಜಿ ಹಾಕಬೇಡಿ.

ಊರಲ್ಲಿ ಯಾರೂ ಮೊದಲೇ ಹೇಳದ ಸಂಗತಿ ಇನ್ನೊಂದು. ಬ್ಯಾಂಕು ಸೇರಿದ ದಿನ ನಿಮ್ಮ ಡಿಮ್ಯಾಟ್ ಖಾತೆಯ ವಿವರ ಕೊಡಬೇಕಾಗುತ್ತದೆ, ಷೇರು ಕೊಳ್ಳಲು ಮಾರಲು ಮುಂಚಿತ ಅನುಮತಿ ಬೇಕಾಗುತ್ತದೆ. ಸೆಬಿಯ 2015ರ ಒಳವ್ಯಾಪಾರ ತಡೆ ನಿಯಮಗಳು ಹತ್ತಿರದ ಸಂಬಂಧಿಗಳನ್ನೂ ಮುಟ್ಟುತ್ತವೆ. ಗಂಡ ಅಥವಾ ಹೆಂಡತಿ ಸರಿಯೇ ಸರಿ. ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳು ಹಣಕಾಸಿಗೆ ನಿಮ್ಮನ್ನು ಅವಲಂಬಿಸಿದ್ದರೆ ಅಥವಾ ಷೇರು ವಹಿವಾಟಿಗೆ ನಿಮ್ಮ ಸಲಹೆ ಕೇಳುತ್ತಿದ್ದರೆ ಅವರೂ ಸೇರುತ್ತಾರೆ. ಅಪ್ಪ ಕೊಡ್ಲಿಪೇಟೆಯ ಜಗುಲಿಯಲ್ಲಿ ಕೂತು ಮೊಬೈಲಿನಲ್ಲಿ ಷೇರು ಕೊಳ್ಳುವವರಾಗಿದ್ದು, ‘ಇದನ್ನು ತಗೊಳ್ಳಲಾ ಮಗ?’ ಎಂದು ವಾರಕ್ಕೊಮ್ಮೆ ಕೇಳುವವರಾಗಿದ್ದರೆ ಆ ಮಾತುಕತೆ ಇನ್ನು ಬಂದ್. ಕುಟುಂಬದ ಕಾಫಿ ವ್ಯಾಪಾರದಲ್ಲಿ ನೀವು ಪಾಲುದಾರರಾಗಿದ್ದರೆ ಅದನ್ನೂ ಹೊರಗಿನ ವ್ಯವಹಾರವೆಂದು ಸಂಸ್ಥೆಗೆ ಬರೆದುಕೊಡಿ. ಮುಚ್ಚಿಟ್ಟು ಸಿಕ್ಕಿಬಿದ್ದವರ ಕೆಲಸ ಹೋಗುವುದು ಡೀಲ್ ಕೆಟ್ಟಿದ್ದಕ್ಕಲ್ಲ, ಇಂಥ ಒಂದು ನಮೂನೆ ತುಂಬಿಕೊಡದ್ದಕ್ಕೆ.

ಯಾವಾಗ?

ವಿದೇಶಿ ಬ್ಯಾಂಕುಗಳು ಬೋನಸ್ ಕೊಡುವುದು ಜನವರಿಯಿಂದ ಮಾರ್ಚ್ ನಡುವೆ, ಮಾರ್ಚ್‌ಗೆ ವರ್ಷ ಮುಗಿಸುವ ನಮ್ಮ ಸಂಸ್ಥೆಗಳು ಏಪ್ರಿಲ್ ನಂತರ. ಬೋನಸ್ ಕೈಗೆ ಬಂದ ಮೇಲೆ ಜನ ಬಿಡುತ್ತಾರೆ, ಜಾಗ ಖಾಲಿಯಾಗುತ್ತದೆ, ಭರ್ತಿ ನಡೆಯುತ್ತದೆ. ನಿಮ್ಮ ನೋಟಿಸ್ ಅವಧಿ ಮೂರು ತಿಂಗಳಾದರೆ ಮಾತುಕತೆ ನವೆಂಬರ್‌ನಲ್ಲೇ ಶುರುವಾಗಿರಬೇಕು. ಆಫರ್ ಪತ್ರದಲ್ಲಿ ಹುದ್ದೆಯ ದರ್ಜೆ, ಯಾವ ತಂಡ, ಯಾವ ಊರು, ಮೊದಲ ವರ್ಷದ ಬೋನಸ್ ಪೂರ್ತಿಯೋ ತಿಂಗಳ ಲೆಕ್ಕವೋ, ಸೇರುವ ಬೋನಸ್ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು, ಇಷ್ಟೂ ಬರಹದಲ್ಲಿರಲಿ. ಬಾಯಿಮಾತಿನ ‘ನೋಡೋಣ, ಮಾಡ್ತೀವಿ’ ಆಫರ್ ಅಲ್ಲ. ಹಿನ್ನೆಲೆ ಪರಿಶೀಲನೆ ಮುಗಿದು, ಸಹಿ ಹಾಕಿದ ಪತ್ರ ಕೈಗೆ ಬರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.